ರೆಕಾರ್ಡಿನ ಮಗ್ಗಲು ಬದಲಾಗುವ ಹೊತ್ತು

ಕಲಬುರ್ಗಿಯಲ್ಲಿ ಬಾಡಿಗೆ ಕೋಣೆ ಹುಡುಕುತ್ತ ರೋಜಾ ಬಡಾವಣೆಯ ಹಿಂದಿನ ಓಣಿಗೆ ಹೋದ ಮಧ್ಯಾಹ್ನ, ಬಿಸಿಲಿಗೆ ಮುಚ್ಚಿದ ಕಿಟಕಿಗಳ ಒಳಗಿನಿಂದ ಯುರೋಪಿನ ಹತ್ತಾರು ಪಿಟೀಲುಗಳು ಕೇಳಿದವು. ನೆತ್ತಿ ಕಾದು ಕಿವಿ ಕೆಟ್ಟಿತೆಂದುಕೊಂಡೆ. ಬಾಗಿಲು ತೆರೆದ ಹೆಂಗಸು ನನ್ನ ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ತಣ್ಣನೆಯ ಫರಸಿಕಲ್ಲಿನ ನೆಲದ ಮೇಲೆ ಕೂರಿಸಿದರು. ನಮ್ಮ ಮೈಸೂರಿನಲ್ಲಿ ಮನೆ ಕೇಳಿದರೆ ಮೊದಲು ಪ್ರಶ್ನೆಗಳು. ಇಲ್ಲಿ ಮೊದಲು ಸಿಂಫನಿ.

ಆಕೆ ನಿವೃತ್ತ ಶಿಕ್ಷಕಿ ಸುಮಿತ್ರಾಬಾಯಿ. ಮರಾಠಿ, ಕನ್ನಡ ಎರಡೂ ಮನೆಮಾತು. ಓಣಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ. ರೆಕಾರ್ಡುಗಳು ಎದುರು ಮನೆಯ ಖಲೀಲ್ ಚಾಚಾ ಅವರವು. ದರ್ಗಾದ ಬಳಿ ಅತ್ತರಿನ ಅಂಗಡಿ. ಸರಕಿಗೆಂದು ಹೈದರಾಬಾದಿಗೆ ಹೋದಾಗಲೆಲ್ಲ ಒಬ್ಬನೇ ವಾದ್ಯವೃಂದ ನಿರ್ದೇಶಕನ ಹಳೆಯ ರೆಕಾರ್ಡುಗಳನ್ನು ಹುಡುಕಿ ತರುವ ಚಟ.

ಕೋಣೆ ಆ ಮನೆಯಲ್ಲೇ ಸಿಕ್ಕಿತು. ಕಮಲಾಪುರದ ಕಾಲೇಜಿನಲ್ಲಿ ನನ್ನ ಪಾಠ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ರಾತ್ರಿ ಜೋಳದ ರೊಟ್ಟಿಯೊಂದಿಗೆ ನನ್ನ ಹೋರಾಟ. ಮಾತಾಡಲು ಜನ ಸಿಗುತ್ತಿದ್ದದ್ದು ರೆಕಾರ್ಡು ಕೇಳಲು ಭಾನುವಾರ ಮಾವಶಿಯ ಮನೆಯಲ್ಲಿ ಸೇರುತ್ತಿದ್ದ ಕೂಟದಲ್ಲಿ ಮಾತ್ರ. ಕಮಲಾಪುರದ ಕೆಂಪು ಬಾಳೆಹಣ್ಣು ತರುವುದು ನನ್ನ ಪಾಲಿನ ಕೆಲಸ. ನಾಲ್ಕೈದು ನಿಮಿಷಕ್ಕೆ ರೆಕಾರ್ಡಿನ ಒಂದು ಮಗ್ಗಲು ಮುಗಿಯುತ್ತಿತ್ತು. ಚಾಚಾ ಅದನ್ನು ತಿರುವಿ ಹಾಕಿ ಗ್ರಾಮಫೋನಿಗೆ ಚಾವಿ ಕೊಡುವಷ್ಟರಲ್ಲಿ ಪ್ರತಿಯೊಬ್ಬರೂ ತಾವು ಕೇಳಿದ್ದೇನೆಂದು ಹೇಳಲೇಬೇಕು. ಹಾಡುವಾಗ ಮಾತಿಲ್ಲ, ಚಾವಿ ಕೊಡುವಾಗ ಮೌನವಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಮೊದಲ ವಾರವೇ ತಕರಾರು ತೆಗೆದೆ. ಒಂದು ವಾದ್ಯವನ್ನೂ ಮುಟ್ಟದೆ ಕೋಲು ಆಡಿಸುವವನಿಗೆ ಇಷ್ಟು ಹೊಗಳಿಕೆ ಯಾಕೆ? ಚಾಚಾ ವಾದಿಸಲಿಲ್ಲ. ಅದೇ ಭಾಗವನ್ನು ಬೇರೊಬ್ಬ ನಿರ್ದೇಶಕನದು ಹಾಕಿದರು, ಆಮೇಲೆ ಇವನದು. ಅಬ್ಬರ ಮುಗಿದು ಮೆಲುದನಿ ಹುಟ್ಟುವ ಜಾಗದಲ್ಲಿ ಆತ ಓಡಿಬಿಡುತ್ತಾನೆ. ಇವನು ಒಂದು ಉಸಿರಿನಷ್ಟು ಕಾಯುತ್ತಾನೆ. ಸೂಜಿಯ ಕರಕರದ ನಡುವೆಯೂ ನೂರು ಜನ ಉಸಿರು ಹಿಡಿದದ್ದು ಕೇಳುತ್ತದೆ.

"ಈಗ ಹೇಳ್ ಬೇಟಾ, ಆ ಸುಮ್ಮನಿದ್ದದ್ದನ್ನ ಯಾರು ಬಾರಿಸಿದ್ರು?"

ಸೋತು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಆದರೂ ಸುಧಾರಿಸುವ ಚಪಲ. ಇಂಥವನ ಸಂಗೀತವನ್ನು ತುಂಡು ತುಂಡಾಗಿ ಕೇಳುವುದೇ ಎಂದು, ದಸರಾ ರಜೆಯಲ್ಲಿ ಊರಿನಿಂದ ಅದೇ ಧ್ವನಿಮುದ್ರಣದ ಕ್ಯಾಸೆಟ್ ತಂದೆ. ಇಡೀ ಸಿಂಫನಿ ತಡೆಯಿಲ್ಲದೆ ಹರಿಯಿತು. ಯಾರೂ ಬಾಯಿ ಬಿಡಲಿಲ್ಲ. ಮುಗಿದ ಮೇಲೆ ಮಾವಶಿ "ಛಲೋ ಇತ್ತು" ಎಂದು ಅಡುಗೆಮನೆಗೆ ಹೋದರು, ಚಾಚಾ ಚಪ್ಪಲಿ ಹುಡುಕಿದರು. ಬಾಳೆಹಣ್ಣು ತಟ್ಟೆಯಲ್ಲೇ ಉಳಿಯಿತು. ಮುಂದಿನ ವಾರ ಅಂಗಡಿಯಲ್ಲಿ ಗಿರಾಕಿ ಹೆಚ್ಚೆಂದು ಚಾಚಾ ಬರಲೇ ಇಲ್ಲ. ನನ್ನ ಕೈಯಲ್ಲಿ ಪರಿಪೂರ್ಣ ಸಂಗೀತವಿತ್ತು. ಜಗಳವಾಡಲು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಅಂಗಡಿಗೇ ಹೋದೆ. ತುಂಡು ಮಾಡಿ ಕೇಳುವುದೇ ಯಾಕೆ ಸರಿ ಎಂದು, ನನ್ನ ವಿರುದ್ಧ ನಾನೇ ವಾದ ಮಂಡಿಸಿದೆ. ಚಾಚಾ ಅತ್ತರಿನ ಸೀಸೆ ಒರೆಸುತ್ತಲೇ ಕೇಳಿದರು.

"ಸೋತೀನಿ ಅಂತ ಹೇಳಾಕ ಬಂದೀಯೋ, ಸೋಲಿನ ಮ್ಯಾಲೂ ಗೆಲ್ಲಾಕ ಬಂದೀಯೋ?"

ಭಾನುವಾರ ರೆಕಾರ್ಡಿನ ಪೆಟ್ಟಿಗೆ ಹೊತ್ತು ಬಂದರು. ಮಾವಶಿ ಚಹಾ ಇಟ್ಟು, "ಮೈಸೂರಾಕಿ, ಇವತ್ತ ಚಾವಿ ನೀ ಕೊಡು. ಬಾಯಿ ನಮಗ ಬಿಡು" ಎಂದರು. ಆ ಮಧ್ಯಾಹ್ನದ ಋಣ ಇನ್ನೂ ನನ್ನ ಮೇಲಿದೆ.

ಅವರಿಗೆ ನಾನು ಇವತ್ತಿಗೂ ಮೈಸೂರಾಕಿ. ಮೈಸೂರಿನಲ್ಲಿ ನಾನು ನಿಜ ಎನ್ನುವ ಬದಲು "ಖರೇ" ಎಂದರೆ ಮನೆಮಂದಿ ನಗುತ್ತಾರೆ. ರಜೆಯಲ್ಲಿ ಅವರ ನಡುವೆ ಕೂತು ಆ ಕ್ಯಾಸೆಟ್ ಹಾಕುತ್ತೇನೆ. ಚಾಚಾನ ರೆಕಾರ್ಡಿನಲ್ಲಾದರೆ ಮಗ್ಗಲು ಮುಗಿಯಬೇಕಾದ ಜಾಗ ಬಂದಾಗ ಕೈ ತಾನಾಗಿ ಚಹಾದ ಕಪ್ಪಿಗೆ ಹೋಗುತ್ತದೆ, ತಲೆಯೆತ್ತಿ ಎಲ್ಲರ ಮುಖ ನೋಡುತ್ತೇನೆ. ಯಾರೂ ಏನೂ ಹೇಳುವುದಿಲ್ಲ. ಸಂಗೀತ ನಿಲ್ಲದೆ ಮುಂದೆ ಹೋಗಿಬಿಡುತ್ತದೆ.