ಎರಡು ಮೊಳದ ಲೆನ್ಸು

ನನ್ನ ಹತ್ತಿರ ಒಂದು ಹಳೆಯ ಲೆನ್ಸು ಇದೆ. ಅದಕ್ಕೆ ಎರಡು ಮೊಳ ದೂರದಲ್ಲಿ ಇದ್ದದ್ದು ಮಾತ್ರ ಕಾಣುತ್ತದೆ. ಅದಕ್ಕಿಂತ ಆಚೆ ಇದ್ದದ್ದೂ ಮಸುಕು, ಈಚೆ ಇದ್ದದ್ದೂ ಮಸುಕು. ಈಚೆಗೆ ನಾನು ಡಿಜಿಟಲ್ ಕ್ಯಾಮೆರಾ ಕೊಂಡಾಗ ತಮ್ಮನ ಮಗ ಎಲ್ಲಿಂದಲೋ ಬಳೆಯಂಥ ಒಂದು ಜೋಡಣೆ ತರಿಸಿ, ಆ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂಡಿಸಿಕೊಟ್ಟ. ಲೆನ್ಸಿನ ಉಂಗುರ ತಿರುಗುವುದಿಲ್ಲ ಎಂದು ಗೊತ್ತಾದಾಗ, "ಬಿಚ್ಚಿ ತೊಳಿಯೋರು ಅದಾರ ಅತ್ತಿ, ಕೊಟ್ಟು ಬರ್ತೇನಿ" ಎಂದ. ಮುಟ್ಟಬೇಡ ಎಂದೆ. ಕೆಟ್ಟ ಸಾಮಾನನ್ನು ಕೆಟ್ಟ ಹಾಗೇ ಇಟ್ಟುಕೊಳ್ಳುವ ಮುದುಕಿಯ ಹಟ ಎಂದುಕೊಂಡಿರಬೇಕು. ಹಟವೇ ಸರಿ, ಆದರೆ ಅದಕ್ಕೆ ಕಾರಣವಿದೆ.

ಎಂಬತ್ತರ ದಶಕದ ಮಾತು. ನಾನು ನರೋಣಾದ ಶಾಲೆಯಲ್ಲಿ ಟೀಚರ್ ಆಗಿದ್ದೆ. ಆಳಂದದಲ್ಲಿ ಅಪ್ಪ ಅವ್ವನ ಜೊತೆ ಇದ್ದು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನಗೆ ಫೋಟೋದ ಹುಚ್ಚು. ಸೊಲ್ಲಾಪುರದ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಕ್ಯಾಮೆರಾ, ಲೆನ್ಸು ಎರಡನ್ನೂ ಕೊಂಡಿದ್ದೆ. ಆ ಹೊತ್ತಿಗೇ ಅವು ಹಳೆಯವು. ಲೆನ್ಸಿನ ಮೈಮೇಲಿನ ಬಣ್ಣ ಹೋಗಿ ಅಲ್ಲಲ್ಲಿ ಹಿತ್ತಾಳೆ ಕಾಣುತ್ತಿತ್ತು. ಈಗಿನ ಹಾಗೆ ಕ್ಯಾಮೆರಾ ತಾನೇ ನೋಡಿಕೊಳ್ಳುವ ಕಾಲವಲ್ಲ. ಲೆನ್ಸಿನ ಸುತ್ತ ಇರುವ ಉಂಗುರವನ್ನು ಕೈಯಿಂದ ತಿರುಗಿಸುತ್ತ, ಕಿಂಡಿಯಲ್ಲಿ ಎದುರಿನವರ ಮುಖ ಮಸುಕಿನಿಂದ ನಿಚ್ಚಳವಾಗುವ ತನಕ ಕಾಯಬೇಕು. ನನಗೆ ಆ ತಿರುಗಿಸುವುದೇ ಇಷ್ಟ. ಆದರೆ ಆ ಉಂಗುರ ಮಹಾ ಬಿಗಿ. ತಿರುಗಿಸಿ ತಿರುಗಿಸಿ ಬೆರಳು ನೋವಾದಾಗೆಲ್ಲ ನಾನು ಮನೆ ತುಂಬ ಗೊಣಗುತ್ತಿದ್ದೆ, ಮತ್ತು ನಾನು ಗೊಣಗಿದ್ದನ್ನೆಲ್ಲ ಅವ್ವ ಕೇಳಿಸಿಕೊಳ್ಳುತ್ತಿದ್ದಳು.

ಅವ್ವನಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ದೊಡ್ಡವ್ವನನ್ನು ಭೀಮಾ ದಂಡೆಯ ಮಣ್ಣೂರಿಗೆ ಕೊಟ್ಟಿದ್ದರು, ಸಣ್ಣವ್ವನನ್ನು ಜೇವರ್ಗಿಗೆ. ಒಬ್ಬೊಬ್ಬರದು ಒಂದೊಂದು ತಾಲ್ಲೂಕು. ಮೂವರೂ ಒಟ್ಟಿಗೆ ಸೇರುವುದು ಮದುವೆ ಮುಂಜಿಗಳಲ್ಲಿ, ಅಲ್ಲಿಯೂ ಅಡುಗೆಮನೆಯ ಹೊಗೆಯಲ್ಲಿ. ಹೀಗಾಗಿ ಮೂವರೇ ಕೂಡಿದ ಒಂದು ಫೋಟೋ ಇರಲಿಲ್ಲ.

ಆ ಹೊತ್ತಿಗೆ ದೊಡ್ಡವ್ವನ ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು. ಪೊರೆ ಬೆಳೆದು, ಮೂಗಿನ ಹತ್ತಿರ ತಂದ ವಸ್ತು ಮಾತ್ರ ಕಾಣುವ ಹಾಗಾಗಿತ್ತು. ಅಕ್ಕಿ ಆರಿಸುವಾಗ ಮೊರವನ್ನು ಮುಖಕ್ಕೆ ಹಿಡಿಯುತ್ತಿದ್ದಳು. ಅಫಜಲಪುರದಲ್ಲಿ ಚಳಿಗಾಲಕ್ಕೆ ಕಣ್ಣಿನ ಕ್ಯಾಂಪು ನಡೆಯುತ್ತಿತ್ತು, ಆದರೆ ಆಪರೇಷನ್ ಎಂದರೆ ದೊಡ್ಡವ್ವ ಬೆವರುತ್ತಿದ್ದಳು. ಹಿಂದಿನ ವರ್ಷ ಜೀಪಿನ ಬಾಗಿಲ ತನಕ ಬಂದು ವಾಪಸ್ಸು ಹೋಗಿದ್ದಳು. ಇನ್ನೊಂದು ವರ್ಷ ತಡ ಮಾಡಿದರೆ ಕಣ್ಣು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳ ಮಗ, ಅಂದರೆ ನಮ್ಮಣ್ಣ, ಗೋಗರೆದು ಗೋಗರೆದು ಕೊನೆಗೆ ಒಪ್ಪಿಸಿದ. ಅವಳದು ಒಂದು ಷರತ್ತು.

"ಹೋಗೂಕಿಂತ ಮೊದ್ಲ ಮೂರೂ ಮಂದಿ ಕೂಡಿ ಒಂದ್ ಫೋಟೋ ಆಗ್ಬೇಕು. ಹೆಬ್ಬಾಗಿಲ ಮುಂದ ನಿಂತು, ಕಾಲುಂಗುರ ಕಾಣೂ ಹಂಗ. ಬರೀ ಮಾರಿದು ಬ್ಯಾಡ."

ಬರೀ ಮುಖದ ಫೋಟೋ ಏಕೆ ಬೇಡ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಹಿರಿಯರು ತೀರಿಕೊಂಡರೆ, ಯಾವುದೋ ಮದುವೆಯ ಗುಂಪಿನ ಫೋಟೋ ಹುಡುಕಿ, ಅದರಲ್ಲಿ ಅವರ ಮುಖವೊಂದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಮಾಲೆ ಹಾಕುತ್ತಿದ್ದರು. ಗೋಡೆಯ ಮೇಲೆ ಕಾಲಿಲ್ಲದವರೆಲ್ಲ ಸತ್ತವರು ಎಂದು ನಾವು ಚಿಕ್ಕವರಿದ್ದಾಗ ತಿಳಿದಿದ್ದೆವು. ಕತ್ತರಿಗೆ ಕಣ್ಣು ಕೊಡಲು ಹೊರಟವಳು ಅಂಥ ಫೋಟೋಕ್ಕೆ ಹೇಗೆ ಕೂರುತ್ತಾಳೆ?

ಎಳ್ಳಮಾವಾಸ್ಯೆಗೆ ನಾವೆಲ್ಲ ಮಣ್ಣೂರಿಗೆ ಹೋದೆವು. ಹೊಲಕ್ಕೆ ಹೋಗಿ ಭೂತಾಯಿಗೆ ಎಡೆ ಹಿಡಿದು ಚರಗ ಚೆಲ್ಲಿ, ಸೊಪ್ಪು ಕಾಳಿನ ಭಜ್ಜಿ, ಸಜ್ಜಿರೊಟ್ಟಿ ಉಂಡು ಬಂದದ್ದಾಯಿತು. ಮರುದಿನ ಮುಂಜಾನೆ ಮೂವರೂ ಇಳಕಲ್ ಸೀರೆ ಉಟ್ಟು ತಯಾರಾದರು. ಸಣ್ಣವ್ವ ಕನ್ನಡಿ ಬಿಟ್ಟು ಏಳಲೊಲ್ಲಳು. ಹೊರಗೆ ಅಣ್ಣ ಜೀಪು ತಂದು ನಿಲ್ಲಿಸಿದ್ದ. ಹೊಳೆಯ ಕಡೆಯಿಂದ ಕೊರೆಯುವ ಗಾಳಿ. ನಾನು ಕ್ಯಾಮೆರಾ ಹೊರಗೆ ತೆಗೆದು, ಹೆಬ್ಬಾಗಿಲಿನತ್ತ ಹಿಡಿದು, ಉಂಗುರ ತಿರುಗಿಸಲು ಹೋದರೆ ಅದು ಜಪ್ಪಯ್ಯ ಎನ್ನಲಿಲ್ಲ.

ಸೆರಗು ಸುತ್ತಿ ತಿರುಗಿಸಿದೆ. ಬಿಸಿಲಿಗಿಟ್ಟು ತಿರುಗಿಸಿದೆ. ತಿಂಗಳ ಹಿಂದೆ ಶಾಲೆಯ ಹಿಂದಿನ ಹೊಲದಲ್ಲಿ ತೊಗರಿ ಹೂವನ್ನು ಹತ್ತಿರದಿಂದ ತೆಗೆದು ಹಾಗೇ ಪೆಟ್ಟಿಗೆಗೆ ಹಾಕಿದ್ದೆ. ಉಂಗುರ ಆ ಹತ್ತಿರದ ಅಳತೆಯಲ್ಲೇ ಕಚ್ಚಿಕೊಂಡು ಕೂತಿತ್ತು. ಅವತ್ತು ಬೆಣ್ಣೆಯ ಹಾಗೆ ತಿರುಗಿದ್ದ ಉಂಗುರ ಅದು. ಅದಕ್ಕಾಗಿ ನಾನು ಹಿಗ್ಗಿದ್ದೆ ಕೂಡ. ಇದಕ್ಕೇನು ರೋಗ ಬಂತು ಎಂದು ನಾನು ಬೈಯುತ್ತಿದ್ದಾಗ ಅವ್ವ ಮೆಲ್ಲಗೆ ಹತ್ತಿರ ಬಂದಳು.

"ಯಾಕ, ಮತ್ತ ಬಿಗಿ ಆತೇನು? ದೀಪಾವಳ್ಯಾಗ ಎಣ್ಣಿ ಹಾಕಿದ್ನೆಲ್ಲ."

"ಏನ್ ಎಣ್ಣಿ?"

"ಕುಸುಬಿ ಎಣ್ಣಿ. ಮಷಿನ್‌ಗೆ, ಕೀಲಿಗೆ ಹಾಕೂಮುಂದ ಇದಕ್ಕೂ ಒಂದೀಟು ಹಾಕಿದೆ. ಬತ್ತೀಲೆ ಸವರಿ, ಛಂದಂಗಿ ತಿರುವಿ ಇಟ್ಟಿದ್ದೆ. ನೀ ದಿನಾ ಹೈರಾಣ ಆಗ್ತಿದ್ದೆಲ್ಲ ಬೇ."

ಕುಸುಬಿ ಎಣ್ಣೆ ಹಾಕಿದ ಹೊಸತರಲ್ಲಿ ಜಾರುತ್ತದೆ, ಆಮೇಲೆ ಅಂಟಾಗುತ್ತದೆ. ಒಲೆಯ ಪಕ್ಕದ ಎಣ್ಣೆ ಬಾಟಲಿ ಮುಟ್ಟಿದ ಯಾರಿಗಾದರೂ ಇದು ಗೊತ್ತು. ನನಗೆ ಸಿಟ್ಟು ನೆತ್ತಿಗೇರಿತು. ಲೆನ್ಸು ಏನು ಹೊಲಿಗೆ ಮಷಿನ್ನೇ, ಕೇಳಬಾರದಿತ್ತೇ ಎಂದು ಇನ್ನೂ ಏನೇನೋ ಅಂದೆ. ಅವ್ವ ಸೆರಗಿನ ತುದಿಯಿಂದ ತನ್ನ ಬೆರಳುಗಳನ್ನು ಒರೆಸಿಕೊಳ್ಳುತ್ತ ನಿಂತಳು, ಎಣ್ಣೆ ಇನ್ನೂ ಅಲ್ಲೇ ಇದೆಯೇನೋ ಎನ್ನುವಂತೆ. ಅದನ್ನು ನೋಡಿ ನನ್ನ ಸಿಟ್ಟು ಇಳಿಯಿತು, ಆದರೆ ಉಂಗುರ ಸಡಿಲವಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ಏನಾಗಿದೆ ಎಂದು ಕೇಳಿದಳು. ಇದ್ದದ್ದನ್ನು ಹೇಳಿದೆ: ಲೆನ್ಸಿಗೆ ಎರಡು ಮೊಳದಷ್ಟೇ ಕಾಣುತ್ತದೆ, ಅಷ್ಟು ಹತ್ತಿರ ನಿಂತು ತೆಗೆದರೆ ಮುಖ ಮಾತ್ರ ಬರುತ್ತದೆ, ಹಿಂದೆ ಸರಿದರೆ ಎಲ್ಲ ಮಸುಕು.

"ನನ್ನ ಕಣ್ಣಿನಂಗ ಆಗ್ಯದ ಹಂಗಾರ" ಎಂದಳು. ನಕ್ಕಾಳೆಂದು ನೋಡಿದೆ, ನಗಲಿಲ್ಲ. ಕಟ್ಟೆಯ ಮೇಲೆ ಕೂತುಬಿಟ್ಟಳು. "ಮಾರಿ ಫೋಟೋ ನನಗ ಬ್ಯಾಡ. ಇದು ಛಲೋ ಸೂಚನಿ ಅಲ್ಲ. ದವಾಖಾನಿನೂ ಬ್ಯಾಡ, ನಡೀರಿ ಒಳಗ."

ಅಣ್ಣ ಜೀಪಿನಿಂದ ಇಳಿದು ಬಂದ. ಅಫಜಲಪುರದ ಸ್ಟುಡಿಯೋದಲ್ಲಿ ತೆಗೆಸೋಣ ಎಂದ. ಕಂಡವರ ಮುಂದೆ ನಿಲ್ಲುವವಳಲ್ಲ ತಾನು ಎಂದಳು. ಅಲ್ಲಿಂದ ಫೋಟೋದವನನ್ನು ಕರೆತರುವಷ್ಟರಲ್ಲಿ ಕ್ಯಾಂಪಿನಲ್ಲಿ ಹೆಸರು ಬರೆಸುವ ಹೊತ್ತು ಮೀರಿಹೋಗುತ್ತಿತ್ತು. ಅಣ್ಣ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಅವನು ಪಟ್ಟ ಪಾಡೆಲ್ಲ ನೀರುಪಾಲಾಗುವುದರಲ್ಲಿತ್ತು.

ಆಗ ಅವ್ವ ಹೋಗಿ ಅಕ್ಕನ ಮಗ್ಗುಲಲ್ಲಿ ಕೂತಳು.

"ತಪ್ಪು ನಂದದ ಅಕ್ಕ. ಸೂಚನಿ ಅಲ್ಲ, ಎಣ್ಣಿ ಅದು. ಮತ್ತ ಒಂದ್ ಮಾತ್ ಹೇಳ್ತೇನಿ ಕೇಳು. ಮಾಲಿ ಹಾಕೂ ಫೋಟೋದಾಗ ಒಂದೇ ಮಾರಿ ಇರ್ತದ. ಮೂರು ಮಾರಿ ಕೂಡೇ ಇದ್ರ ಯಾರಿಗಂತ ಹಾಕ್ತಾರ?"

"ಮೂರೂ ಮಂದಿಗೆ ಕೂಡೇ ಹಾಕ್ತಾರ" ಎಂದಳು ಸಣ್ಣವ್ವ, ಒಳಗಿನಿಂದ ಬರುತ್ತ. "ಆದ್ರ ನಾ ಈಗ ಹೋಗಾಕಿ ಅಲ್ಲ. ಸೀರಿ ಹೊಸಾದು ಅದ."

ದೊಡ್ಡವ್ವನ ತುಟಿ ಅಲುಗಿತು. ಅವ್ವ ಬಿಡಲಿಲ್ಲ. ತನ್ನ ಗಲ್ಲವನ್ನು ಅಕ್ಕನ ಗಲ್ಲಕ್ಕೆ ಹಚ್ಚಿ, "ತಗೀ ಬೇ" ಎಂದಳು ನನಗೆ. ಸಣ್ಣವ್ವ ಇನ್ನೊಂದು ಮಗ್ಗುಲಿಗೆ ಬಂದು ಆತುಕೊಂಡಳು. ದೊಡ್ಡವ್ವ ಎದ್ದು ಹೋಗಲಿಲ್ಲ.

ಉಂಗುರ ತಿರುಗದ ಮೇಲೆ ನಾನೇ ಹಿಂದೆ ಮುಂದೆ ಆಗಬೇಕು. ಅವ್ವ ಮೊಳಕೈ ಚಾಚಿ ನನ್ನ ಕ್ಯಾಮೆರಾದಿಂದ ಅಕ್ಕನ ಮೂಗಿನ ತನಕ ಎರಡು ಮೊಳ ಅಳೆದು ತೋರಿಸಿ, ಮತ್ತೆ ಹೋಗಿ ಕೂತಳು. ಆ ಹತ್ತಿರದಲ್ಲಿ ಮೂರು ಮುಖ ಒಂದು ಚೌಕಟ್ಟಿನಲ್ಲಿ ಹಿಡಿಸಬೇಕೆಂದರೆ ಗಲ್ಲಕ್ಕೆ ಗಲ್ಲ ತಾಗಲೇಬೇಕು. ಮೂರೂ ಮೂಗು ಒಂದೇ ಸಾಲಿನಲ್ಲಿರಬೇಕು. ಯಾರಾದರೂ ಎರಡು ಬೆರಳು ಮುಂದೆ ಬಾಗಿದರೆ ಆ ಮುಖ ಮಸುಕು. ನಾನು ಮೊಣಕಾಲೂರಿ ಉಸಿರು ಬಿಗಿಹಿಡಿದು ಒಂದು ತೆಗೆದೆ, ಇನ್ನೊಂದು ತೆಗೆದೆ. ಮೂವರೂ ಪೊಲೀಸರ ಮುಂದೆ ಕೂತವರ ಹಾಗೆ ಕೂತಿದ್ದರು.

"ಏ, ನಿನ್ನ ಗಲ್ಲ ಎಷ್ಟ್ ತಣ್ಣಗ ಅದ" ಎಂದಳು ದೊಡ್ಡವ್ವ ಇದ್ದಕ್ಕಿದ್ದ ಹಾಗೆ, ಸಣ್ಣವ್ವನಿಗೆ. "ಸಣ್ಣಾಕಿ ಇದ್ದಾಗೂ ಹಿಂಗೇ. ಕೌದ್ಯಾಗ ನುಗ್ಗಿ ತಣ್ಣನ್ನ ಕಾಲು ನನಗ ಹಚ್ಚತಿದ್ದಿ."

"ಈಗೂ ಹಚ್ಚತೇನಿ, ದವಾಖಾನ್ಯಾಗ ನಿನ್ನ ಮಗ್ಗಲಾಗೇ ಮಲಗಾಕಿ ಅದೇನಿ" ಎಂದಳು ಸಣ್ಣವ್ವ. ಮೂವರೂ ನಕ್ಕರು. ನಗುವಾಗ ತಲೆಗಳು ಅಲ್ಲಾಡಿದವು. ನಾನು ಗುಂಡಿ ಒತ್ತಿದೆ. ನಿಚ್ಚಳವಿತ್ತೋ ಇಲ್ಲವೋ ನೋಡಿಕೊಳ್ಳಲು ಆಗಲಿಲ್ಲ. ಆ ಕಾಲದಲ್ಲಿ ತೆಗೆದದ್ದನ್ನು ಅಲ್ಲೇ ನೋಡುವಂತೆಯೂ ಇರಲಿಲ್ಲ. ದೊಡ್ಡವ್ವ ಕಣ್ಣೊರೆಸಿಕೊಂಡು ತಾನಾಗಿ ಎದ್ದು ಹೋಗಿ ಜೀಪು ಹತ್ತಿದಳು.

ಆಮೇಲಿನ ದಿನಗಳು ಅವ್ವನಿಗೆ ಬಹಳ ಕಷ್ಟದವು. ನಾವಿಬ್ಬರೂ ಆಳಂದಕ್ಕೆ ಮರಳಿದ್ದೆವು. ರೋಲು ತೊಳೆಯಲು ಪೇಟೆಯ ಸ್ಟುಡಿಯೋಕ್ಕೆ ಕೊಟ್ಟಿದ್ದೆ. ಮಾಲೆಯ ಮಾತನ್ನು ಅಷ್ಟು ಧೈರ್ಯವಾಗಿ ಹೇಳಿದವಳು ತಾನೇ ಅದನ್ನು ನಂಬಿರಲಿಲ್ಲ. ಅಕ್ಕನ ಕಣ್ಣಿಗೆ ಏನಾದರೂ ಆದರೆ ಅದು ತನ್ನ ಎಣ್ಣೆಯಿಂದಲೇ ಎಂದು ಒಳಗೊಳಗೇ ಕೊರಗುತ್ತಿದ್ದಳು. ಒಗ್ಗರಣೆಗೆ ಎಣ್ಣೆ ಬಾಟಲಿ ಎತ್ತಿದರೆ ಕೈ ತಡೆಯುತ್ತಿತ್ತು. ನಾನು ಶಾಲೆಯಿಂದ ಬಂದ ಕೂಡಲೇ, "ಫೋಟೋ ಬಂತೇನು? ಅಫಜಲಪುರದಿಂದ ಸುದ್ದಿ ಬಂತೇನು?" ಎಂದು ಒಂದೇ ಉಸಿರಿಗೆ ಎರಡನ್ನೂ ಕೇಳುತ್ತಿದ್ದಳು.

ಸುದ್ದಿ ಮೊದಲು ಬಂತು. ಎದುರಿನ ಕಾಳಿನ ಅಡತಿ ಅಂಗಡಿಯ ಫೋನಿಗೆ ಅಣ್ಣ ಮಾತಾಡಿದ: ಪಟ್ಟಿ ಬಿಚ್ಚಿದ್ದಾರೆ, ಡಾಕ್ಟರು ಬೆರಳು ತೋರಿಸಿದರೆ ಸರಿಯಾಗಿ ಎಣಿಸಿದಳು, ಇನ್ನೊಂದು ಕಣ್ಣಿಗೆ ಬರುವ ವರ್ಷ. ಅವ್ವ ಅಡತಿಯ ಚೀಲಗಳ ಮೇಲೆಯೇ ಕೂತುಬಿಟ್ಟಳು. ಹೋದ ಜೀವ ಬಂತು ನೋಡ್ರಿ ಎಂದು ಅಡತಿಯವರಿಗೆ ಹೇಳಿದಳು. ನನಗೂ ಹಾಗೇ ಆಯಿತು, ನಾನು ಹೇಳಲಿಲ್ಲ ಅಷ್ಟೆ.

ಫೋಟೋಗಳು ಬಂದಾಗ ಪೊಲೀಸರ ಮುಂದೆ ಕೂತಂಥವು ಒಂದೂ ಸರಿ ಇರಲಿಲ್ಲ. ಒಂದರಲ್ಲಿ ಅವ್ವ ಮಸುಕು, ಒಂದರಲ್ಲಿ ಸಣ್ಣವ್ವ. ಕೊನೆಯದನ್ನು ಲಕೋಟೆಯಿಂದ ಹೊರಗೆಳೆದೆ. ನಕ್ಕ ಆ ಒಂದೇ ಒಂದು ಫೋಟೋ, ಮೂರು ಮುಖವೂ ನಿಚ್ಚಳ. ಹಣೆಯ ವಿಭೂತಿಯ ಗೆರೆಗಳು, ಸಣ್ಣವ್ವನ ಮುರುಕು ಹಲ್ಲು, ದೊಡ್ಡವ್ವನ ಕಣ್ಣಿನೊಳಗಿನ ಬಿಳಿ ಪೊರೆ ಕೂಡ. ಹಿಂದಿನ ಗೋಡೆ ಹಾಲಿನ ಹಾಗೆ ಕರಗಿಹೋಗಿತ್ತು. ಆ ಲೆನ್ಸಿನಿಂದ ಅಷ್ಟು ಒಳ್ಳೆಯದನ್ನು ನಾನು ಹಿಂದೆಯೂ ತೆಗೆದಿರಲಿಲ್ಲ, ಮುಂದೆಯೂ ತೆಗೆಯಲಿಲ್ಲ.

ಶಿವರಾತ್ರಿಯ ಹೊತ್ತಿಗೆ ದೊಡ್ಡವ್ವನಿಗೆ ಚಷ್ಮಾ ಬಂತು. ಫೋಟೋ ತೆಗೆದುಕೊಂಡು ನಾನೂ ಅವ್ವನೂ ಮಣ್ಣೂರಿಗೆ ಹೋದೆವು, ಸಣ್ಣವ್ವ ಆಗಲೇ ಬಂದಿದ್ದಳು. ದಪ್ಪ ಗಾಜಿನ ಹಿಂದೆ ದೊಡ್ಡವ್ವನ ಕಣ್ಣು ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ಹಳೆಯ ರೂಢಿಯ ಮೇಲೆ ಫೋಟೋವನ್ನು ಮೂಗಿನ ಹತ್ತಿರ ತಂದಳು. ಕಾಣಲಿಲ್ಲ. ದೂರ ಹಿಡಿದಳು, ಸ್ವಲ್ಪ ಹತ್ತಿರ ತಂದಳು, ಮತ್ತೆ ದೂರ. ಒಂದು ಕಡೆ ಅವಳ ಕೈ ನಿಂತಿತು. ನಾನು ಮೊಣಕಾಲೂರಿ ಹಿಂದೆ ಮುಂದೆ ಆದದ್ದೂ ಹೀಗೆಯೇ.

ಬಹಳ ಹೊತ್ತು ನೋಡಿದಳು. ಫೋಟೋ ಇಳಿಸಿ ಎದುರಿಗಿದ್ದ ತಂಗಿಯರನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು.

"ಇಬ್ರೂ ಇಷ್ಟ್ ಮುದುಕ್ಯಾರ ಆಗೀರಿ. ನನಗ ಯಾರೂ ಹೇಳ್ಲೇ ಇಲ್ಲ."

ಅವ್ವ ನಗಲು ಹೋಗಿ ಅತ್ತಳು. ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಬಂತಲ್ಲ, ಕಣ್ಣು ಬಂತಲ್ಲ ಎಂದು ಅವಳ ಮೊಣಕಾಲು ಹಿಡಿದುಕೊಂಡಳು. ದೊಡ್ಡವ್ವ ಅವಳ ತಲೆ ಸವರಿದಳು. ಆಮೇಲೆ ಭುಜ ಹಿಡಿದು ಮೆಲ್ಲಗೆ ದೂಡಿದಳು.

"ಇಷ್ಟ್ ಹತ್ರ ಬ್ಯಾಡ ಬೇ, ಈಗ ಹತ್ರದ್ದು ಕಾಣಂಗಿಲ್ಲ. ಜರಾ ಹಿಂದಕ್ಕ ಸರಿ. ಪೂರಾ ನೋಡ್ತೇನಿ ನಿನ್ನ."

ಅವ್ವ ಹಿಂದೆ ಹಿಂದೆ ಸರಿಯುತ್ತ ಹೆಬ್ಬಾಗಿಲ ತನಕ ಹೋಗಿ, ಸೆರಗು ಸರಿಮಾಡಿಕೊಂಡು, ಫೋಟೋಕ್ಕೆ ನಿಲ್ಲುವವರ ಹಾಗೆ ನಿಂತಳು. ದೊಡ್ಡವ್ವ ಅವಳನ್ನು ನೆತ್ತಿಯಿಂದ ಕಾಲುಂಗುರದ ತನಕ ನೋಡಿದಳು.