ಕೆಳಗಿನ ಪೈಪು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಂಬಯಿಯಲ್ಲಿ ಲಾರಿ ಓಡಿಸುತ್ತಿದ್ದೆ. ಪವಾಯಿ ಕಡೆಯ ಕಲ್ಲುಗಣಿಯಲ್ಲಿ ಜಲ್ಲಿ ತುಂಬಿಕೊಂಡು, ಗೋರೆಗಾಂವಿನಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳ ಮುಂದೆ ಸುರಿದು ಬರುವುದು ನನ್ನ ಕೆಲಸ. ಒಂದು ಬೇಸಿಗೆಯಲ್ಲಿ ಆ ಲಾರಿಗೆ ವಿಚಿತ್ರ ರೋಗ ಅಂಟಿಕೊಂಡಿತು. ಖಾಲಿ ಇದ್ದಾಗ ಏನೂ ಇಲ್ಲ. ನಿಂತಲ್ಲೇ ಎಷ್ಟು ಹೊತ್ತು ಎಂಜಿನ್ ಓಡಿದರೂ ತಣ್ಣಗಿರುತ್ತಿತ್ತು. ಲೋಡು ಹೊತ್ತು ಏರು ಹತ್ತತೊಡಗಿದರೆ ಮಾತ್ರ ಮೀಟರಿನ ಮುಳ್ಳು ಕೆಂಪಿಗೆ ಹೋಗಿ, ಬಾನೆಟ್ಟಿನ ಸಂದಿನಿಂದ ಆವಿ ಏಳುತ್ತಿತ್ತು. ನೀರು ಹಾಕದೆ ಓಡಿಸುತ್ತೇನೆಂದು ಲಾರಿಯ ಮಾಲೀಕ ಸೇಠ್ ನನ್ನನ್ನು ಬಾಯಿಗೆ ಬಂದಂತೆ ಬೈದ. ಕೊನೆಗೆ ತಾನೇ ಜೊತೆಗೆ ಬಂದು ಭಾಂಡುಪಿನ ಗ್ಯಾರೇಜಿಗೆ ಹಾಕಿಸಿದ.

ಗ್ಯಾರೇಜು ನಮ್ಮ ಬಿಜಾಪುರ ಕಡೆಯ ಅಣ್ಣತಮ್ಮಂದಿರದು ಎನ್ನುತ್ತಿದ್ದರು. ನಿಜಕ್ಕೂ ಅದು ಅಣ್ಣನದು. ತಮ್ಮ ಅಲ್ಲಿ ದುಡಿಯುತ್ತಿದ್ದ, ಅಷ್ಟೆ. ಅಣ್ಣನನ್ನು ಎಲ್ಲರೂ ಮಿಸ್ತ್ರಿ ಎಂದು ಕರೆಯುತ್ತಿದ್ದರು. ತಮ್ಮನಿಗೆ ಮೂವತ್ತು ದಾಟಿತ್ತು, ಇಬ್ಬರು ಮಕ್ಕಳಿದ್ದರು, ಆದರೂ ಅಣ್ಣನ ಬಾಯಲ್ಲಿ ಅವನು 'ಹುಚ್ಚಪ್ಯಾಲಿ'. ಅಣ್ಣನ ಚಾಳಿನ ಖೋಲಿಯಲ್ಲೇ ಅವನ ಸಂಸಾರವೂ ಇದ್ದುದರಿಂದ ಎದುರು ಮಾತಾಡುವ ಧೈರ್ಯ ಅವನಿಗಿರಲಿಲ್ಲ.

ಮಿಸ್ತ್ರಿ ಸ್ಟೂಲಿನಿಂದ ಏಳಲಿಲ್ಲ. ನನ್ನ ಮಾತನ್ನು ಅರ್ಧ ಕೇಳಿ, ತಂಬಾಕು ಉಗುಳಿ, "ಹೆಡ್ ಗ್ಯಾಸ್ಕೆಟ್ ಹೋಗೈತಿ. ಬಿಚ್ಚಬೇಕು" ಎಂದ.

ಅಷ್ಟರಲ್ಲಿ ತಮ್ಮ ರೇಡಿಯೇಟರಿನ ಮುಚ್ಚಳ ತೆಗೆದು, ಎಂಜಿನ್ ಚಾಲೂ ಮಾಡಿಸಿ, ನೀರನ್ನೇ ದಿಟ್ಟಿಸುತ್ತಿದ್ದ. ಎಣ್ಣೆ ಅಳೆಯುವ ಕಡ್ಡಿ ಎಳೆದು ಬೆರಳಿಗೆ ಸವರಿ ನೋಡಿದ. ಆಮೇಲೆ ಲಾರಿಯ ಕೆಳಗೆ ಮಲಗಿ, "ರೇಸ್ ಕೊಡ್ರಿ, ಇನ್ನೂ ಕೊಡ್ರಿ" ಎಂದು ನನಗೆ ಕೂಗಿದ. ಎದ್ದು ಬಂದವನ ಮುಖದಲ್ಲಿ ಸಂತೋಷವಿತ್ತು.

"ಹೆಡ್ಡಿಂದಲ್ಲಣ್ಣಾ. ನೀರಾಗ ಗುಳ್ಳಿ ಬರಾಕತ್ತಿಲ್ಲ, ಎಣ್ಣಿನೂ ಹಾಲಿನಂಗ ಆಗಿಲ್ಲ. ರೇಡಿಯೇಟರಿನ ಕೆಳಗಿನ ಪೈಪ್ ಮೆತ್ತಗಾಗೈತಿ. ರೇಸ್ ಕೊಟ್ರ ಪಂಪ್ ಜಗ್ಗತೈತಿ, ಪೈಪ್ ಚಪ್ಪಟಿ ಆಗತೈತಿ. ನೀರು ಹಾಯೋದು ಹ್ಯಾಂಗ?"

ನನ್ನನ್ನು ಕೆಳಗೆ ಕರೆದು ತೋರಿಸಿದ. ತಾನೇ ಹೋಗಿ ರೇಸ್ ಕೊಟ್ಟ. ತೋಳಿನಷ್ಟು ದಪ್ಪದ ರಬ್ಬರ್ ಪೈಪು ಹಸಿದ ಹೊಟ್ಟೆಯಂತೆ ಒಳಗೆ ಸೇದಿಕೊಂಡಿತು. ರೇಸ್ ಬಿಟ್ಟೊಡನೆ ಮತ್ತೆ ದುಂಡಗಾಯಿತು. ಲಾರಿ ನಿಲ್ಲಿಸಿ ಹುಡುಕಿದಾಗಲೆಲ್ಲ ನನಗೆ ಏನೂ ಸಿಗದಿದ್ದುದು ಅದಕ್ಕೇ.

ಸೇಠ್ ಮಿಸ್ತ್ರಿಯ ಕಡೆ ನೋಡಿ ನಕ್ಕ. ಆ ನಗುವೇ ಕೆಲಸ ಕೆಡಿಸಿತು.

"ಸುನಾ ಸೇಠಜಿ? ಡಾಕ್ಟರ್ ಸಾಬ್ ಬೋಲ್ ರಹೇ ಹೈ" ಎಂದು ತಮ್ಮನನ್ನು ಡಾಕ್ಟರ್ ಸಾಹೇಬನನ್ನಾಗಿ ಮಾಡಿ ಮಿಸ್ತ್ರಿ ತಾನೂ ನಕ್ಕ. ಆಮೇಲೆ ತಮ್ಮನ ಕಡೆ ತಿರುಗಿದ. "ಮಿಸ್ತ್ರಿ ನಾನೋ ನೀನೋ? ಬಿಚ್ಚು ಹೆಡ್. ಆ ಪೈಪ್ ಮುಟ್ಟಿದ್ಯೋ, ಕೈ ಮುರೀತೀನಿ."

ಹೆಡ್ ಇಳಿಯಿತು. ಅದರಡಿಯ ತೆಳು ತಗಡಿನಂಥ ಗ್ಯಾಸ್ಕೆಟ್ಟಿನ ಮೇಲೆ ಒಂದು ಸುಟ್ಟ ಕಲೆಯೂ ಇರಲಿಲ್ಲ. ತಮ್ಮ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಮಿಸ್ತ್ರಿ ಕಸಿದುಕೊಂಡು, ಕಾಲಡಿಯಲ್ಲಿ ಮಡಚಿ, ಗುಜರಿಯ ರಾಶಿಗೆ ಎಸೆದ. ಹೊಸದನ್ನು ಹಾಕಿಸಿದ.

ಲೋಡು ತುಂಬಿ ಪರೀಕ್ಷೆಗೆ ಹೊರಟೆವು. ಮಿಸ್ತ್ರಿ ನನ್ನ ಪಕ್ಕದಲ್ಲಿ ಕೂತ. ತಮ್ಮನನ್ನು ಬಿಸಿಲಲ್ಲಿ ಜಲ್ಲಿಯ ಮೇಲೆ ಕೂರಿಸಿದ. ಪವಾಯಿಯ ಏರಿನಲ್ಲಿ ಮುಳ್ಳು ಮತ್ತೆ ಕೆಂಪಿಗೆ ಬಂತು. ನಾನು ಲಾರಿ ಬದಿಗೆ ಹಾಕಿದೆ. ಕಲ್ಲು ಒಡೆಯುತ್ತಿದ್ದವರು ಕೆಲಸ ಬಿಟ್ಟು ನೋಡಲು ಬಂದರು.

ಮಿಸ್ತ್ರಿಯ ಮುಖ ಕಪ್ಪಿಟ್ಟಿತು. ಜಲ್ಲಿಯ ಮೇಲಿಂದ ಇಳಿದು ಬಂದ ತಮ್ಮನ ಮೇಲೆ ಹರಿಹಾಯ್ದ. "ನೀರು ಕಡಿಮಿ ಹಾಕಿದ್ಯಲ್ಲ? ನನ್ನ ಮಾರಿಗೆ ಮಸಿ ಬಳೀಬೇಕಂತ ಮಾಡಿದಿ. ಮುಚ್ಚಳ ತೆಗಿ, ನೋಡೂಣು."

"ತುಂಬೀನಿ ಅಣ್ಣಾ. ಆರ್ಲಿ ತಡಿ. ಈಗ ತೆಗದ್ರ ಮುಖಕ್ಕ ಬರತೈತಿ."

"ಹೆದರಿಕಿ ಏನು? ನಿನ್ನ ಹೇಂತೀನ ಕರಸ್ಲೇನು, ಆಕೀನ ತೆಗೀತಾಳ."

ನೋಡುತ್ತಿದ್ದವರು ನಕ್ಕರು. "ತಡೀರಿ ಮಿಸ್ತ್ರಿ" ಎಂದೆ ನಾನು. "ನೀ ಗಾಡಿ ಹೊಡಿ, ಬಾಯಿ ಹೊಡೀಬ್ಯಾಡ" ಎಂದ.

ತಮ್ಮ ಒದ್ದೆ ಗೋಣಿಚೀಲ ಹಾಕಿ, ಮುಖ ಆಚೆ ತಿರುಗಿಸಿ ಮುಚ್ಚಳ ತಿರುವಿದ. ಕುದಿಯುವ ನೀರು ಚೀಲವನ್ನೂ ಎತ್ತಿ ಹಾರಿತು. ಅವನು ಕೂಗುತ್ತ ರಸ್ತೆಯ ಮೇಲೆ ಹೊರಳಾಡಿದ. ನಾನು ಅವಸರದಲ್ಲಿ ಅಂಗಿ ಎಳೆದೆ. ಅಂಗಿಯ ಜೊತೆ ಕುತ್ತಿಗೆಯ ಚರ್ಮವೂ ಬಂತು.

ಮಿಸ್ತ್ರಿ ಹತ್ತಿರ ಬಂದು ನೋಡಿದ. ರಸ್ತೆಯ ತುಂಬ ಹರಿಯುತ್ತಿದ್ದುದನ್ನು ನೋಡಿದ. "ನೀರು ಇತ್ತಲ್ಲ" ಎಂದ.

ಇನ್ನೊಂದು ಲಾರಿಗೆ ಕೈ ಮಾಡಿ ನಿಲ್ಲಿಸಿ ತಮ್ಮನನ್ನು ಆಸ್ಪತ್ರೆಗೆ ಒಯ್ದೆ. ದಾರಿಯುದ್ದಕ್ಕೂ ಹಲ್ಲು ಕಚ್ಚಿ ಒಂದೇ ಮಾತು ಹೇಳುತ್ತಿದ್ದ: "ಅಣ್ಣ ತೆಗಿ ಅಂದ ಅಂತ ನನ್ನ ಹೇಂತಿಗೆ ಹೇಳಬ್ಯಾಡ್ರಿ. ಆಕಿ ಜಗಳಾ ತೆಗೀತಾಳ, ನಾವು ಖೋಲಿ ಬಿಡಬೇಕಾಗತೈತಿ."

ನಾನು ಗ್ಯಾರೇಜಿನಿಂದ ಲಾರಿ ತರಲು ಹೋದಾಗ ಕೆಳಗೆ ಹೊಸ ಪೈಪು ಹೊಳೆಯುತ್ತಿತ್ತು. ಮಿಸ್ತ್ರಿ ತಾನೇ ಹಾಕಿದ್ದ. ಆಮೇಲೆ ಆ ಎಂಜಿನ್ ಯಾವ ಏರಿನಲ್ಲೂ ಕಾಯಲಿಲ್ಲ. ಹೆಡ್ ಬಿಚ್ಚಿದ್ದರಿಂದಲೇ ಸರಿಹೋಯಿತೆಂದು ಸೇಠ್ ನಂಬಿದ. ನಾನು ಪೈಪಿನ ಮಾತು ಎತ್ತಿದರೆ, ನೀನೇನು ಮಿಸ್ತ್ರಿಯೇ ಎಂದ. ತನ್ನ ಉಳಿದ ಲಾರಿಗಳನ್ನೂ ಅಲ್ಲಿಗೇ ಕಳಿಸತೊಡಗಿದ.

ಪಟ್ಟಿ ಬಿಚ್ಚಿದ ಮೇಲೆ ತಮ್ಮ ಕೆಲಸಕ್ಕೆ ಮರಳಿದ. ಒಂದು ದಿನ ಚಹಾದ ಹೊತ್ತಿಗೆ ನಾನು ಅಲ್ಲಿದ್ದೆ. ಮಿಸ್ತ್ರಿ ಹೊಸ ಡ್ರೈವರುಗಳಿಗೆ ಕತೆ ಹೇಳುತ್ತಿದ್ದ: ಕಾದ ಮುಚ್ಚಳ ತೆಗೆದ ಹುಚ್ಚಪ್ಯಾಲಿಯ ಕತೆ. ಎದ್ದು ನಿಂತು, ಅವನು ಹಾರಿದ್ದು, ಕೂಗಿದ್ದು, ಎಲ್ಲವನ್ನೂ ಮಾಡಿ ತೋರಿಸಿದ. ಎಲ್ಲರೂ ನಕ್ಕರು. ಸ್ಪ್ಯಾನರ್ ಹಿಡಿದು ನಿಂತಿದ್ದ ತಮ್ಮನೂ ನಕ್ಕ. ಕುತ್ತಿಗೆಯ ಚರ್ಮ ಬಿಗಿದುಕೊಂಡಿದ್ದರಿಂದ ಅವನ ಬಾಯಿ ಒಂದೇ ಕಡೆಗೆ ಸೊಟ್ಟಗೆ ಎಳೆಯಿತು. ಮಿಸ್ತ್ರಿ ಅದನ್ನೂ ಅಣಕಿಸಿದ.