ನಿನ್ನ ಪಾಲಿನ ಊಟ ಉಂಡವಳು

ಪವಿ, ಎಂಟು ವರ್ಷದ ಹಿಂದೆ ನನ್ನ ಬಾಣಂತನದ ಖೋಲಿಯಲ್ಲಿ ಇಪ್ಪತ್ತಾರು ದಿನ ನಿನ್ನ ಪಾಲಿನ ಊಟ ಉಂಡವಳು ನಾನು. ಖಾಲಿ ತಾಟು ಅವ್ವನ ಕೈಗೆ ಕೊಟ್ಟು, ನೀನೇ ಉಂಡೆ ಎಂದು ಸುಳ್ಳು ಹೇಳಿದವಳೂ ನಾನು. ಇಷ್ಟು ನಿನಗೆ ಗೊತ್ತೇ ಇದೆ. ಯಾಕೆ ಹಾಗೆ ಮಾಡಿದೆ ಎಂಬುದು ಮಾತ್ರ ಗೊತ್ತಿಲ್ಲ. ನಿನ್ನ ಕಷ್ಟ ನೋಡಲಾರದೆ ಅಕ್ಕ ಮಾಡಿದಳು ಎಂದು ಇಂದಿಗೂ ನಂಬಿದ್ದೀಯ — ಅಲ್ಲ ಪವಿ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು. ಅದಕ್ಕೇ ಮಾಡಿದೆ.

ಯಾವತ್ತಿನಿಂದ ಎಂದು ಕೇಳಿದರೆ ಸರಿಯಾಗಿ ಹೇಳಲಾರೆ. ನೀನು ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಅವ್ವ ನಿನ್ನನ್ನು ಕೆಳಗಿಳಿಸಿದ್ದೇ ಕಡಿಮೆ. ಏಳು ವರ್ಷದ ನಾನು ಜಡೆ ಹಾಕು ಎಂದು ಬಾಚಣಿಗೆ ಹಿಡಿದು ನಿಂತರೆ, "ತಡಿ, ಆಕಿ ಮಲಗಲಿ" ಅನ್ನುತ್ತಿದ್ದಳು. ಆಮೇಲೆ ನಾನು ದಪ್ಪಗಾದೆ, ನೀನು ತೆಳ್ಳಗೆ ಬೆಳೆದೆ. ನನ್ನನ್ನು ನೋಡಲು ಬಂದ ಮೊದಲನೆಯ ಗಂಡಿನ ಕಡೆಯವರು ಬ್ಯಾಡಗಿಯ ನಮ್ಮ ಪಡಸಾಲೆಯಲ್ಲಿ ಕೂತು ಉಪ್ಪಿಟ್ಟು ತಿಂದು, ಹೋಗುವಾಗ ಅಪ್ಪನನ್ನು ಕೇಳಿದ್ದು ಒಂದೇ ಮಾತು — "ಸಣ್ಣಾಕಿನ್ನ ಯಾವಾಗ ಕೊಡೋರರಿ?" ಆಗ ನಿನಗೆ ಹದಿನಾರು. ನೀನು ನಕ್ಕು ಮರೆತೆ. ನಾನು ಅಡಿಗೆಮನೆಯಲ್ಲಿ ಉಳಿದ ಉಪ್ಪಿಟ್ಟನ್ನೆಲ್ಲ ನಿಂತುಕೊಂಡೇ ತಿಂದೆ. ಅದನ್ನು ಯಾರೂ ನೋಡಲಿಲ್ಲ.

ಮದುವೆಯಾಗಿ ರಾಣೇಬೆನ್ನೂರಿಗೆ ಬಂದ ಮೇಲೆ ನಾನು ಎಣಿಸಿ ಕಾದದ್ದು ಚೊಚ್ಚಲ ಬಾಣಂತನಕ್ಕೆ. ಮೂರು ತಿಂಗಳು ತವರುಮನೆ. ಅವ್ವ ಎಣ್ಣೆ ತಿಕ್ಕಿ, ಕುದಿಯುವ ನೀರು ಹಾಕಿ, ಕಿವಿಗೆ ಅರಿವೆ ಕಟ್ಟಿ, ಅಂಟಿನುಂಡಿ ಬಾಯಿಗಿಡುತ್ತಾಳೆ. ಆ ಮೂರು ತಿಂಗಳಾದರೂ ಅವ್ವ ಪೂರ್ತಿ ನನ್ನವಳು — ಬಸುರಿಯಾಗಿದ್ದಾಗ ನಾನು ಕಂಡ ಕನಸು ಇಷ್ಟೇ. ಹೆಣ್ಣು ಕೂಸನ್ನು ಎತ್ತಿಕೊಂಡು ಬಂದು ನೋಡಿದರೆ, ಮನೆ ಆಗಲೇ ನಿನ್ನದಾಗಿತ್ತು. ನೀನು ಊಟ ಬಿಟ್ಟು ಒಂದು ವರ್ಷವಾಗಿತ್ತು. ಮೊದಲು ಸೋಮವಾರದ ಉಪವಾಸ ಅಂದೆ, ಆಮೇಲೆ ಗುರುವಾರ, ಶನಿವಾರ. ಮನೆಯವರೆಲ್ಲ ಭಕ್ತಿ ಎಂದು ಕೊಂಡಾಡಿದೆವು. ನಿನ್ನ ಕೈ ಬಳೆ ಜಾರಿ ಬಿದ್ದಾಗ ಎಚ್ಚರಾಯಿತು. ಹಾವೇರಿಯ ಮನೋವೈದ್ಯರು ನೋಡಿ ಕಾಯಿಲೆಗೆ ಹೆಸರು ಕೊಟ್ಟಿದ್ದರು. ಊಟವೇ ಔಷಧ, ದಿನಕ್ಕೆ ಆರು ಸಲ, ಮನೆಯವರು ಎದುರಿಗೆ ಕೂತು ಉಣ್ಣಿಸಬೇಕು, ತಾಟು ಖಾಲಿಯಾಗುವವರೆಗೆ ಏಳಬಾರದು ಎಂದಿದ್ದರು.

ಅವ್ವ ಕೂತಳು. ಹಠ ಹಿಡಿದು ಕೂತಳು. ನನಗೆ ನೀರು ಹಾಕುವಾಗಲೂ ಅವಳ ಕಿವಿ ನಿನ್ನ ಕಡೆಗೇ. ನನ್ನ ಬೆನ್ನ ಮೇಲೆ ತಂಬಿಗೆ ಹಿಡಿದ ಕೈ ನಿಲ್ಲಿಸಿ, "ಪವಿ ಹಾಲು ಕುಡದಾಳೇನ ನೋಡ್ರಿ" ಎಂದು ಹೊರಗಿದ್ದ ಅಪ್ಪನಿಗೆ ಕೂಗಿ ಹೇಳಿದ ದಿನ ಆ ಹಬೆಯಲ್ಲಿ ಕೂತು ಅತ್ತೆ. ಹಸಿ ಬಾಣಂತಿ ಅಳಬಾರದು ಎಂದು ಅವ್ವ ಗದರಿದಳು. ಯಾಕೆ ಅಳುತ್ತೀ ಎಂದು ಕೇಳಲಿಲ್ಲ.

ಆಮೇಲೆ ಅವ್ವನಿಗೆ ಒಂದು ಯೋಚನೆ ಹೊಳೆಯಿತು. ಇಬ್ಬರು ಹೆಣ್ಣುಮಕ್ಕಳಿಗೂ ಮೈ ತುಂಬಬೇಕು, ಇಬ್ಬರಿಗೂ ಒಂದೇ ಅಡಿಗೆ ಯಾಕಾಗಬಾರದು? "ಬಾಣಂತಿ ಊಟ ಉಂಡ್ರ ಆಕಿಗೂ ಮೈ ಹಿಡಿತೈತಿ" ಎಂದು ನಿನ್ನನ್ನೂ ನನ್ನ ಖೋಲಿಗೆ ತಂದು ಕೂರಿಸಿದಳು. ಗಾಳಿ ತಾಗಬಾರದೆಂದು ಆ ಖೋಲಿಯ ಬಾಗಿಲು, ಕಿಟಕಿ ಎರಡೂ ಮುಚ್ಚಿರುತ್ತಿದ್ದವು. ಮಂಚದ ಕೆಳಗೆ ಕೆಂಡ, ಮೇಲೆ ಸಾಂಬ್ರಾಣಿ ಹೊಗೆ. ಕಂಡಕಂಡವರು ಒಳಗೆ ಬರುವಂತಿಲ್ಲ. ಬಿಸಿ ರೊಟ್ಟಿ, ತುಪ್ಪ, ಮೆಂತ್ಯದ ಪಲ್ಯ ಎರಡು ತಾಟಿನಲ್ಲಿ ಒಳಗೆ ಬರುತ್ತಿತ್ತು. ಕೂಸಿನ ಅರಿವೆ, ಎಣ್ಣೆ, ನೀರು ಎಂದು ಅವ್ವನಿಗೆ ಪುರಸೊತ್ತಿಲ್ಲ. "ನೀ ಎದುರಿಗೆ ಕುಂತು ಉಣಸವಾ, ನಿನ್ನ ಮಾತ ಕೇಳತಾಳ" ಎಂದು ನನಗೆ ಒಪ್ಪಿಸಿ ಬಾಗಿಲು ಎಳೆದುಕೊಂಡು ಹೋದಳು.

ಮೊದಲನೆಯ ದಿನ ನೀನು ತಾಟನ್ನು ನನ್ನ ಕಡೆ ಸರಿಸಿ, "ಅಕ್ಕಾ, ಇವತ್ತೊಂದಿನ" ಅಂದೆ. ಆ ಹೊತ್ತಿಗೆ ಕರುಣೆ ಇತ್ತೋ ಏನೋ — ಬೇಡ, ಅದನ್ನು ಇಲ್ಲಿ ಸೇರಿಸಿ ಹಗುರಾಗುವುದು ಬೇಡ. ನನಗೆ ಹಸಿವೂ ಇತ್ತು, ಎದೆಹಾಲು ಕೊಡುವವರ ಹಸಿವು. ಉಂಡೆ. ಅವ್ವ ಬಂದು ಎರಡೂ ತಾಟು ನೋಡಿ ನನ್ನ ಮುಖ ನೋಡಿದಳು.

"ತಿಂದಾಳವ್ವ" ಅಂದೆ.

ಆಗ ಅವ್ವನ ಮುಖ ಹೇಗಾಯಿತು ಎಂದರೆ — ಅಂಥ ಸಮಾಧಾನ ನಾನು ಕಂಡಿರಲಿಲ್ಲ. "ಚಲೋ ಆತು. ಹಂಗಾರ ಈಗ ನಿನ್ನ ಹತ್ರ ಒಂದೀಟ ಕುಂದರತೇನಿ" ಎಂದು ಮಂಚದ ಮೇಲೆ ನನ್ನ ಪಕ್ಕ ಕೂತಳು. ತಲೆ ನೇವರಿಸಿದಳು. ನಾನು ಹುಟ್ಟಿದಾಗಿನ ಕಥೆ ಹೇಳಿದಳು. ನೀನು ಎದ್ದು ಹೊರಗೆ ಹೋದೆ. ಅರ್ಧ ತಾಸು ಅವ್ವ ನನ್ನವಳಾದಳು. ಅಷ್ಟೇ ಪವಿ, ನನಗೆ ದಾರಿ ಸಿಕ್ಕಿತು. ನೀನು ಉಂಡೆ ಅಂದರೆ ಅವ್ವ ನನ್ನ ಹತ್ತಿರ ಕೂರುತ್ತಾಳೆ. ಎರಡನೆಯ ದಿನ ನೀನು ಕೇಳುವ ಮೊದಲೇ ನಾನು ನಿನ್ನ ತಾಟಿಗೆ ಕೈ ಹಾಕಿದೆ. ಅದು ನಿನಗೆ ನೆನಪಿರಲಿಕ್ಕಿಲ್ಲ. ನನಗಿದೆ.

ಓಣಿಯ ಹೆಂಗಸರು ಕೂಸು ನೋಡಲು ಬಂದು, ಬಾಣಂತನ ಚಲೋ ಆಗೇತಿ, ಕೆಂಪ ಕೆಂಪ ಆಗ್ಯಾಳ ಎಂದು ಅವ್ವನನ್ನು ಹೊಗಳಿದರು. ನಾನು ಉಬ್ಬಿದೆ. ನೀನು ಇಳಿದೆ. ಇನ್ನೂ ಹೇಳಲು ನಾಚಿಕೆಯಾಗುವುದು ಇದು — ನೀನು ಇಳಿದದ್ದಕ್ಕೂ ನನಗೆ ಕಿಚ್ಚು. ಅಷ್ಟು ತುಪ್ಪದ ವಾಸನೆಯ ಮುಂದೆ ಬಾಯಿ ಬಿಗಿಹಿಡಿದು ಕೂರುವ ನಿನ್ನನ್ನು ನೋಡಿ, ಇವಳಿಗೆ ಇದೂ ಸಾಧ್ಯವಾಯಿತಲ್ಲ, ನನಗೆ ಒಂದು ತುತ್ತೂ ಬಿಡಲಾಗಲಿಲ್ಲವಲ್ಲ ಎಂದು ಕುದಿಯುತ್ತಿದ್ದೆ. ನೀನು ಸಾಯುತ್ತಿದ್ದೆ, ನಾನು ನಿನ್ನ ಸೊಂಟ ನೋಡುತ್ತಿದ್ದೆ.

ವಾರಕ್ಕೊಮ್ಮೆ ನೀನೂ ಅವ್ವನೂ ಹಾವೇರಿಗೆ ಹೋಗಿ ತೂಕ ಮಾಡಿಸಿಕೊಂಡು ಬರುತ್ತಿದ್ದಿರಿ. ತೂಕ ಇಳಿಯುತ್ತಲೇ ಇತ್ತು. ಡಾಕ್ಟರು, ಖರೇನ ಉಣ್ಣುತ್ತಾಳೇನು ಎಂದು ಕೇಳಿದಾಗ ಅವ್ವ ಏನಂದಳು ಎಂದು ಬಂದು ನನಗೇ ಹೇಳಿದಳು. "ನನ್ನ ದೊಡ್ಡ ಮಗಳು ಎದುರಿಗೆ ಕುಂತು ಉಣಸತಾಳ್ರಿ, ಆಕಿ ಸುಳ್ಳ ಹೇಳಾಕಿ ಅಲ್ಲ ಅಂದೆ." ಆ ಮಾತು ಕೇಳಿದ ಮರುದಿನವೂ ನಿನ್ನ ತಾಟು ಖಾಲಿ ಮಾಡಿದೆ. ಉಂಡದ್ದು ಮೈಗೆ ಹತ್ತುತ್ತಿಲ್ಲವೆಂದರೆ ಬೇರೇನೋ ರೋಗವಿರಬೇಕೆಂದು ಅವರು ರಕ್ತ ತೆಗೆದರು, ಗಂಟಲಿನಿಂದ ನಳಿಗೆ ಇಳಿಸಿ ಕರುಳು ನೋಡಿದರು. ಅವರದೇನೂ ತಪ್ಪಿಲ್ಲ. ನೀನು ನಳಿಗೆ ನುಂಗಿ ಬಂದು ನನ್ನ ಪಕ್ಕ ಮಲಗಿದಾಗಲೂ ಬಾಯಿ ಬಿಡಲಿಲ್ಲ. ಇವಳನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರೆ ಅವ್ವ ಪೂರ್ತಿ ನನಗೆ ಸಿಗುತ್ತಾಳೆ — ಹೀಗೊಂದು ಯೋಚನೆ ಅವತ್ತು ನನ್ನ ತಲೆಯಲ್ಲಿ ಬಂದು ಹೋಯಿತು. ಬಂದು ಹೋಯಿತು ಎನ್ನುವುದೂ ಸುಳ್ಳು. ಬಂದು ಕೂತಿತ್ತು.

ಇಪ್ಪತ್ತೇಳನೆಯ ದಿನ ನೀನು ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದೆ. ಎದೆಬಡಿತ ತೀರ ಇಳಿದಿತ್ತು. ದೂರದ ದೊಡ್ಡ ಆಸ್ಪತ್ರೆಗೆ ಒಯ್ದರು, ಅವ್ವ ನಿನ್ನ ಜೊತೆ ಹೋದಳು, ನನ್ನ ಬಾಣಂತನವನ್ನು ಅಜ್ಜಿ ಮುಗಿಸಿದಳು. ನೀನು ಬದುಕಿದೆ. ಎರಡು ವರ್ಷ ಹಿಡಿಯಿತು, ಆದರೂ ಬದುಕಿ, ಓದಿ, ಹಾವೇರಿಯಲ್ಲಿ ನೌಕರಿ ಹಿಡಿದು ನಿನ್ನ ಕಾಲ ಮೇಲೆ ನಿಂತೆ. ಅವ್ವ ಮಾತ್ರ ಅವತ್ತಿನಿಂದ ಯಾರ ಎದುರಿಗೂ ಕೂತು ಉಣ್ಣಿಸಿಲ್ಲ. ನೀಡಿ ಒಳಗೆ ಹೋಗಿಬಿಡುತ್ತಾಳೆ. ನನ್ನ ಮಗಳು ಸಿಂಚನಾ, "ಅಜ್ಜೀ, ನೀನ ತುತ್ತ ಮಾಡಿ ಕೊಡು" ಎಂದು ಬೆನ್ನು ಹತ್ತಿದರೆ, "ನನ್ನ ಕೈಗುಣ ಚಲೋ ಇಲ್ಲವಾ" ಅನ್ನುತ್ತಾಳೆ. ನಾನು ಅದನ್ನು ಎಂಟು ವರ್ಷ ಕೇಳಿಸಿಕೊಂಡಿದ್ದೇನೆ.

ಈಗ ನಿನಗೆ ಮತ್ತೆ ಶುರುವಾಗಿದೆ. ಹೋದ ತಿಂಗಳು ಹೊಸ ಡಾಕ್ಟರು ನಮ್ಮೆಲ್ಲರನ್ನೂ ಕರೆಸಿದ್ದರಲ್ಲ — ಈ ಕಾಯಿಲೆಯನ್ನೇ ಓದಿಕೊಂಡ ಹೆಣ್ಣುಮಗಳು. ಇದು ಹಠವಲ್ಲ, ಶೋಕಿಯಲ್ಲ ಎಂದು ಎಷ್ಟು ತಾಳ್ಮೆಯಿಂದ ಹೇಳಿದರು. ಸ್ವಲ್ಪ ಪಾಲು ರಕ್ತದಲ್ಲೇ ಬರುತ್ತದೆಂದು ಈಗಿನ ಸಂಶೋಧನೆ ತೋರಿಸುತ್ತಿದೆ, ಹಸಿದ ಮೆದುಳು ಹಸಿವನ್ನೇ ತಪ್ಪಾಗಿ ಓದುತ್ತದೆ, ತಾಯಿಯ ತಪ್ಪಿನಿಂದ ಬರುವ ರೋಗವಲ್ಲ, ಆದರೆ ಮನೆಯವರಿಂದ ವಾಸಿಯಾಗುವುದುಂಟು, ಇನ್ನೂ ಗೊತ್ತಾಗಬೇಕಾದದ್ದು ಬಹಳ ಇದೆ ಅಂದರು. ತೆಳ್ಳಗಿದ್ದವರಿಗಷ್ಟೇ ಅಲ್ಲ, ಯಾರಿಗೂ ಕಾಣದಂತೆ ಹೊಟ್ಟೆ ಬಿರಿಯುವಷ್ಟು ತಿನ್ನುವವರಿಗೂ ಇದರ ಇನ್ನೊಂದು ಬಗೆ ಇರಬಹುದು ಅಂದಾಗ ನಾನು ತಲೆ ತಗ್ಗಿಸಿದೆ. ಅದನ್ನು ಬೇರೆ ದಿನ ಒಬ್ಬಳೇ ಹೋಗಿ ಅವರಿಗೆ ಹೇಳುತ್ತೇನೆ. ಇಲ್ಲಿ ಅದನ್ನು ನೆಪ ಮಾಡಿಕೊಳ್ಳುವುದಿಲ್ಲ.

ದೊಡ್ಡವರಾದರೂ ಊಟಕ್ಕೆ ಜೊತೆ ಬೇಕು, ತಾಯಿ ಕೆಲವು ತಿಂಗಳು ಬಂದು ಕೂರಲಿ ಎಂದು ಅವರು ಹೇಳಿದರು. ಹಳೆಯ ಕಾಗದ ತಿರುವಿ, "ಹಿಂದೊಮ್ಮೆ ಮಾಡೀರಿ, ಫಲ ಕೊಟ್ಟಿಲ್ಲ ಅಂತ ಐತಿ" ಅಂದರು. ಅವ್ವ ಸೆರಗು ಬಾಯಿಗೊತ್ತಿಕೊಂಡು, "ನಾ ಒಲ್ಲೆರಿ. ನನ್ನ ಕೈಲೆ ಉಂಡ್ರ ಆಕಿ ಸೊರಗತಾಳ" ಅಂದಳು. ನೀನು ನನ್ನ ಮುಖ ನೋಡಿದೆ. ಹೊರಗೆ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, "ನೀ ಏನೂ ಹೇಳಾಕ ಹೋಗಬ್ಯಾಡ ಅಕ್ಕಾ. ಅವತ್ತ ನೀ ನನ್ನ ಮ್ಯಾಲಿನ ಪ್ರೀತಿಗೆ ಮಾಡೀದಿ" ಅಂದೆ.

ನಾನು ರಾಣೇಬೆನ್ನೂರಿನಲ್ಲಿ ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆ ಮಾಡುವವಳು. ನೀರು ಹಾಕದೆ ಹಾಕಿದ್ದೇನೆಂದು ಬರೆದರೆ, ಒಳ್ಳೆಯ ಬೀಜವನ್ನೂ ಸತ್ತಿದೆ ಎಂದು ಎತ್ತಿ ಒಗೆಯುತ್ತಾರೆ. ದಿನಾ ಹೊಸ ಹುಡುಗಿಯರಿಗೆ ಇದನ್ನು ಹೇಳಿಕೊಡುತ್ತೇನೆ. ಅವ್ವನ ವಿಷಯದಲ್ಲಿ ನಾನು ಮಾಡಿದ್ದೂ ಅದೇ. ಅವಳ ಚಿಕಿತ್ಸೆ ಸೋತಿರಲಿಲ್ಲ; ನಿನಗೆ ಅದು ಸಿಕ್ಕೇ ಇರಲಿಲ್ಲ.

ಮೊನ್ನೆ ರವಿವಾರ ಬ್ಯಾಡಗಿಗೆ ಹೋದೆ. ಅವ್ವ ವರ್ಷದ ಖಾರಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ತಾಟು, ಬಾಗಿಲು, ಮಂಚದ ಮೇಲಿನ ಅರ್ಧ ತಾಸು — ನಿನಗೆ ಈಗ ಬರೆದದ್ದನ್ನೆಲ್ಲ. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳ ಕೈ ನಿಂತಿತು. ಹಿಡಿದಿದ್ದ ಕಾಯಿಯನ್ನು ರಾಶಿಗೆ ಒಗೆದು ಕೇಳಿದಳು.

"ಬಾ ಅವ್ವ, ನನ್ನ ಹತ್ರ ಕುಂದರು ಅಂತ ಒಂದ ಮಾತ ಕರದಿದ್ರ ನಾ ಬರತಿದ್ದಿಲ್ಲೇನ? ಬಾಯಿ ಇರಲಿಲ್ಲೇನ ನಿನಗ?"

ಕರೆಯಬಹುದಿತ್ತು — ಕರೆಯುವುದು ನನಗೆ ಹೊಳೆಯಲೇ ಇಲ್ಲ.

ಅವ್ವ ಎದ್ದು ಕೈ ತೊಳೆದು ಎರಡು ಸೀರೆ ಚೀಲಕ್ಕೆ ಹಾಕಿಕೊಂಡಳು. ಬಸ್‌ಸ್ಟ್ಯಾಂಡಿನವರೆಗೆ ನನಗಿಂತ ಮುಂದೆ ಮುಂದೆ ನಡೆದಳು. ನಾನು ಚೀಲ ಹಿಡಿದು ಅವಳನ್ನು ಹಾವೇರಿ ಬಸ್ಸು ಹತ್ತಿಸಿದೆ. ಕಿಟಕಿಯಲ್ಲಿ ಅವಳ ಮುಖ ನಿನ್ನ ಊರಿನ ಕಡೆ ತಿರುಗಿತ್ತು, ಬಸ್ಸು ಹೊರಟಾಗಲೂ ತಿರುಗಿ ನೋಡಲಿಲ್ಲ.

ಪವಿ, ಕ್ಷಮಿಸು ಎಂದು ಕೇಳುವುದಿಲ್ಲ. ಮುಂದಿನ ವಾರ ಡಾಕ್ಟರ ಮುಂದೆ ಎಲ್ಲವನ್ನೂ ನಾನೇ ಹೇಳುತ್ತೇನೆ, ಆ ಹಳೆಯ ಕಾಗದ ತಿದ್ದಲಿ. ನೀನು ನನ್ನನ್ನು ಅಕ್ಕ ಎಂದು ಕರೆಯುವುದು ಬಿಟ್ಟರೂ ಸರಿ. ಇನ್ನೊಂದನ್ನು ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ — ಅವ್ವ ಈಗ ನಿನ್ನ ಎದುರಿಗೆ ಕೂತಿರುತ್ತಾಳೆ ಎಂದು ನೆನೆದರೆ, ಇಷ್ಟೆಲ್ಲ ಆದ ಮೇಲೂ ನನ್ನ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ಏಳಲಿ. ನೀನು ಉಣ್ಣು.